ಕಲ್ಲಚ್ಚಿನಿಂದ ಬೆಳಕಿನಚ್ಚಿಗೆ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬರೆಯಲು ವಿಷಯ ಇಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಇವತ್ತು ಮಾತ್ರ ಕೂತು ಬರೆಯಲೇಬೇಕಾಯಿತು. ಅದಕ್ಕೆ ಕಾರಣ ನನ್ನ ಅಕ್ಕನ ಮಗಳು.

ಕಳೆದ ವಾರ ಅಕ್ಕ, ಭಾವ ಮತ್ತು ಮಗಳು ಪಾಣೆಮಂಗಳೂರಿನ ನಮ್ಮ ಮನೆಗೆ ಬಂದಿದ್ದರು. ಮಗಳದ್ದು ಎಂಎಸ್ಸಿ ಮುಗಿದಿದೆ. ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಕೆಲಸ ಕೈಗೆ ಬಂದು ನಿಂತಿದೆ. ಆದರೆ ಅವಳಿಗೆ ಜರ್ಮನಿಗೆ ಹೋಗಿ ಸಂಶೋಧನೆ ಮಾಡುವ ಆಸೆ. ಯಾವುದರಲ್ಲಿ ಅಂತ ಕೇಳಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಸೂಕ್ಷ್ಮದರ್ಶಕದ ಕೆಳಗೆ ಸಣ್ಣದೊಂದು ವಸ್ತು. ಬಿಸಿ ಮಾಡಿದರೆ ಮುದುಡುತ್ತದೆ, ತಣಿದರೆ ಮತ್ತೆ ಅರಳುತ್ತದೆ. ಥೇಟ್ ನಮ್ಮ ಗದ್ದೆಬದಿಯ ಮುಟ್ಟಿದರೆ ಮುನಿಯ ಗಿಡದ ಹಾಗೆ! ಜೀವ ಇಲ್ಲ, ಮೋಟರು ಇಲ್ಲ, ವೈರು ಇಲ್ಲ. ಲೇಸರ್ ಬೆಳಕಿನಿಂದ ಮೂರು ಆಯಾಮದಲ್ಲಿ ಅಚ್ಚು ಹಾಕಿದ ಪಾಲಿಮರು ಅಂತೆ. ಗಾತ್ರ ನಮ್ಮ ತಲೆಗೂದಲಿನ ದಪ್ಪದ ಲೆಕ್ಕದಲ್ಲಿ.

ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಭಾವ ಮಾತ್ರ ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಇದಕ್ಕೂ ನಮ್ಮ ಊರಿಗೂ ಎಂತ ಸಂಬಂಧ ಮಾರಾಯ್ರೆ? ಯಾರೋ ಪರದೇಶದವರು ಮಾಡುವ ಆಟ. ನಾಳೆ ಅದು ನಿಂತುಹೋದರೆ ಇವಳೇನು ಮಾಡುವುದು? ನಿಮ್ಮ ಅಪ್ಪನಿಗೆ ಆದದ್ದು ಗೊತ್ತುಂಟಲ್ಲ."

ಮಾತು ಅಲ್ಲಿಗೆ ನಿಂತಿತು. ನನ್ನ ಅಪ್ಪನಿಗೆ ಆದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪ ಒಂದು ಹೆಂಚಿನ ಕಾರ್ಖಾನೆಯಲ್ಲಿ ಪ್ರೆಸ್ಸಿನ ಕೆಲಸಕ್ಕಿದ್ದವರು. ಜನ ಹೆಂಚು ಬಿಟ್ಟು ತಾರಸಿ ಹಾಕಿಸತೊಡಗಿದರು, ಕಾರ್ಖಾನೆಗೆ ಬೀಗ ಬಿತ್ತು. ಇಪ್ಪತ್ತು ವರ್ಷ ಕಲಿತ ಕೈಕೆಲಸ ಒಂದೇ ದಿನಕ್ಕೆ ಬೇಡವಾಯಿತು. ಭಾವನ ಹೆದರಿಕೆಯಲ್ಲಿ ತಪ್ಪೇನೂ ಇಲ್ಲ.

ಹೋಗುವಾಗ ಹುಡುಗಿ ಕೇಳಿದಳು, "ಮಾವ, ನೀವು ಚರಿತ್ರೆ ಓದಿದವರು. ಇದರ ಚರಿತ್ರೆ ಬರೆದುಕೊಡಿ. ಅಪ್ಪ ನಿಮ್ಮ ಮಾತು ಕೇಳುತ್ತಾರೆ." ನಾನು ಓದಿದ್ದು ಊರಿನ ಚರಿತ್ರೆ, ಭೌತಶಾಸ್ತ್ರವಲ್ಲ. ಆದರೂ ಒಂದು ವಾರ ಕೂತು ಓದಿದೆ. ಓದುತ್ತಾ ಹೋದಂತೆ ಭಾವನ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯಿಂದಲೇ ಶುರು ಮಾಡಬಹುದು ಅಂತ ಗೊತ್ತಾಯಿತು. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಒಂದು ಲೋಟ ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಕಲ್ಲಿನ ಮೇಲೆ ಬರೆದ ಕನ್ನಡ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. 1843ರ ಜುಲೈ 1ರಂದು ಮಂಗಳೂರಿನಿಂದ ಹೊರಟಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆಯ ಭಾಷಣಗಳಲ್ಲಿ ಕೇಳಿಯೇ ಇರುತ್ತೀರಿ. ಆದರೆ ಆ ಪತ್ರಿಕೆ ಮೊಳೆ ಜೋಡಿಸಿ ಅಚ್ಚಾದದ್ದಲ್ಲ, ಕಲ್ಲಿನಿಂದ ಅಚ್ಚಾದದ್ದು ಎಂಬುದು ಭಾಷಣಗಳಲ್ಲಿ ಅಷ್ಟಾಗಿ ಬರುವುದಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಶುರುವಾದ ಬಾಸೆಲ್ ಮಿಶನ್ ಪ್ರೆಸ್ಸು ಮೊದಲಿಗೆ ಕಲ್ಲಚ್ಚಿನ ಪ್ರೆಸ್ಸು.

ಕಲ್ಲಚ್ಚನ್ನು ಕಂಡುಹಿಡಿದವನು ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್, 1796ರಲ್ಲಿ. ಅವನು ನಾಟಕ ಬರೆಯುವವನು. ಅವನ್ನು ಅಚ್ಚು ಹಾಕಿಸಲು ದುಡ್ಡು ಸಾಲದೆ ಅಗ್ಗದ ದಾರಿ ಹುಡುಕುತ್ತಿದ್ದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುವುದು. ಕಲ್ಲನ್ನು ಒದ್ದೆ ಮಾಡುವುದು. ಆಮೇಲೆ ಎಣ್ಣೆಶಾಯಿಯ ರೋಲರು ಉರುಳಿಸಿದರೆ ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ, ನೀರು ಇದ್ದಲ್ಲಿ ಹಿಡಿಯುವುದಿಲ್ಲ. ಒತ್ತು, ದೀರ್ಘ, ಕೊಂಬು ಎಲ್ಲ ಇರುವ ನಮ್ಮ ಲಿಪಿಗೆ ಇದು ವರವೇ ಆಯಿತು. ನೂರಾರು ಮೊಳೆ ಎರಕ ಹೊಯ್ಯುವ ಬದಲು ಕೈಯಿಂದ ಬರೆದರೆ ಮುಗಿಯಿತು!

'ಲಿಥೋಗ್ರಫಿ' ಅಂದರೆ ಗ್ರೀಕಿನಲ್ಲಿ ಕಲ್ಲುಬರಹ. ಈ ಪದ ನೆನಪಿಟ್ಟುಕೊಳ್ಳಿ. ಇನ್ನೂರು ವರ್ಷ ಕಳೆದರೂ ಇದು ನಮ್ಮನ್ನು ಬಿಡುವುದಿಲ್ಲ.

1851ರಲ್ಲಿ ಇದೇ ಪ್ರೆಸ್ಸಿನ ಕೆಲಸಕ್ಕೆಂದು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಕರ್ಮಿ ಮಂಗಳೂರಿಗೆ ಬಂದ. ಬಂದದ್ದು ಅಕ್ಷರದ ಕೆಲಸಕ್ಕೆ. ಆದರೆ ಅವನ ಕಣ್ಣು ಹೊಳೆಬದಿಯ ಜೇಡಿಮಣ್ಣಿನ ಮೇಲೂ ಬಿತ್ತು. ಮಣ್ಣನ್ನು ಪರೀಕ್ಷೆ ಮಾಡಿ ಮಾಡಿ, ಕೊನೆಗೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಮಂಗಳೂರು ಹೆಂಚಿನ ಮೂಲ ಅದೇ. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಬದಿಯಲ್ಲಿ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಅಕ್ಷರದ ಅಚ್ಚು, ಮಣ್ಣಿನ ಅಚ್ಚು, ಎರಡರ ಹಿಂದೆಯೂ ಒಬ್ಬನೇ ಮನುಷ್ಯ. ಭಾವ, ಇದು ನಿಮಗೆ.

ಸೊಟ್ಟ ಹೆಂಚು

ಅಪ್ಪ ಹೇಳುತ್ತಿದ್ದ ಒಂದು ಮಾತು ಇದೆ. "ಮಣ್ಣು ಕುಗ್ಗುತ್ತದೆ ಅಂತ ಗೊತ್ತಿದ್ದವನು ಮಾತ್ರ ಅಚ್ಚು ಮಾಡಬೇಕು." ಹಸಿ ಹೆಂಚು ಒಣಗುವಾಗ ನೀರು ಬಿಟ್ಟು ಕುಗ್ಗುತ್ತದೆ. ಸುಡುವಾಗ ಇನ್ನಷ್ಟು ಕುಗ್ಗುತ್ತದೆ. ಹಾಗಾಗಿ ಅಚ್ಚು ಯಾವಾಗಲೂ ಹೆಂಚಿಗಿಂತ ದೊಡ್ಡದಿರಬೇಕು. ಇನ್ನೊಂದು ಸಂಗತಿ ಎಂದರೆ ನೆರಳಿನಲ್ಲಿ ನಿಧಾನ ಒಣಗಿಸಬೇಕು. ಒಂದು ಬದಿಗೆ ಬಿಸಿಲೋ ಗಾಳಿಯೋ ಜಾಸ್ತಿ ತಾಗಿತೋ, ಆ ಬದಿ ಬೇಗ ಕುಗ್ಗಿ ಹೆಂಚು ಸೊಟ್ಟಗಾಗುತ್ತದೆ. ಸೊಟ್ಟ ಹೆಂಚು ಸೂರಿಗೆ ಕೂರುವುದಿಲ್ಲ, ಸೀದಾ ರಾಶಿಗೆ.

ಹಲಸಿನ ಹಪ್ಪಳ ಬಿಸಿಲಿಗೆ ಹಾಕಿದವರಿಗೂ ಇದು ಗೊತ್ತು. ಸಮಯಕ್ಕೆ ಸರಿಯಾಗಿ ಮಗುಚದಿದ್ದರೆ ಅಂಚು ಮೇಲೆದ್ದು ದೊನ್ನೆಯ ಹಾಗೆ ಆಗುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೂ ಅಷ್ಟೆ. ಹಸಿ ಇದ್ದಾಗ ಚಾಪೆಯ ಹಾಗೆ ಹರಡಿಕೊಳ್ಳುತ್ತದೆ, ಒಣಗಿದರೆ ಸುರುಳಿ. ಮತ್ತೆ ನೀರಿನಲ್ಲಿ ನೆನೆ ಹಾಕಿದರೆ ಮೆದುವಾಗಿ ಹೇಳಿದ ಹಾಗೆ ಕೇಳುತ್ತದೆ. ಮುಟ್ಟಾಳೆ ಮಾಡುವವರು ಹಾಳೆಗೆ ಆಕಾರ ಕೊಡುವುದು ಹಾಗೆಯೇ. ಕಾರಣ ಒಂದೇ: ಎರಡು ಮೈ ಒಂದೇ ಸಮನೆ ಕುಗ್ಗುವುದಿಲ್ಲ. ಜಾಸ್ತಿ ಕುಗ್ಗಿದ ಬದಿಗೆ ವಸ್ತು ಬಾಗುತ್ತದೆ.

ಅಕ್ಕನ ಮಗಳ ವಿಡಿಯೋದಲ್ಲಿದ್ದ ಗುಟ್ಟೂ ಇಷ್ಟೇ! ಒಂದು ಬದಿ ಜಾಸ್ತಿ ಕುಗ್ಗುವ ಹಾಗೆ, ಇನ್ನೊಂದು ಬದಿ ಕಡಿಮೆ ಕುಗ್ಗುವ ಹಾಗೆ ಬೇಕೆಂದೇ ಮಾಡಿಡುವುದು. ಅಪ್ಪನಿಗೆ ಯಾವುದು ದೋಷವೋ ಮೊಮ್ಮಗಳಿಗೆ ಅದೇ ಕಸುಬು.

ಆದರೆ ಕೂದಲಿಗಿಂತ ಸಣ್ಣ ಹೆಂಚನ್ನು ಅಚ್ಚು ಹಾಕುವುದು ಹೇಗೆ? ಅಲ್ಲಿ ಬೆಳಕು ಬರುತ್ತದೆ.

ಬೆಳಕಿಗೆ ಗಟ್ಟಿಯಾಗುವ ಡಾಂಬರು

ಫ್ರಾನ್ಸಿನಲ್ಲಿ ನಿಸೆಫೋರ್ ನೀಪ್ಸ್ ಎಂಬವನಿದ್ದ. ಕಲ್ಲಚ್ಚಿನ ಹುಚ್ಚು ಅವನಿಗೂ ಹಿಡಿದಿತ್ತು. ಚಿತ್ರವನ್ನು ಕೈಯಿಂದ ಬರೆಯುವ ಬದಲು ಬಿಸಿಲೇ ಬರೆಯುವಂತಾದರೆ ಹೇಗೆ ಅಂತ ಯೋಚಿಸಿದ. ಡಾಂಬರಿನ ಜಾತಿಯ ಬಿಟುಮೆನ್ನನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ ಲೋಹದ ತಟ್ಟೆಗೆ ತೆಳ್ಳಗೆ ಬಳಿದ. ಬೆಳಕು ಬಿದ್ದ ಜಾಗದಲ್ಲಿ ಬಿಟುಮೆನ್ನು ಗಟ್ಟಿಯಾಯಿತು. ಬೀಳದ ಜಾಗದ್ದನ್ನು ಎಣ್ಣೆ ಹಾಕಿ ತೊಳೆದುಬಿಟ್ಟ. 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಅವನು ಹೀಗೆ ತೆಗೆದ ಚಿತ್ರ ಇಂದಿಗೂ ಉಳಿದಿದೆ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ ಅದೇ.

ಫೋಟೋಗ್ರಫಿಯ ಚರಿತ್ರೆಯಲ್ಲಿ ನೀಪ್ಸ್‌ಗೆ ದೊಡ್ಡ ಮಣೆ ಇದೆ. ಆದರೆ ನಮ್ಮ ಕಥೆಗೆ ಮುಖ್ಯವಾದದ್ದು ಚಿತ್ರವಲ್ಲ, ಅವನ ವಿಧಾನ. ಬೆಳಕು ಕಂಡದ್ದು ಗಟ್ಟಿಯಾಗಿ ಉಳಿಯುತ್ತದೆ, ಕಾಣದ್ದು ತೊಳೆದುಹೋಗುತ್ತದೆ. ಕಂಪ್ಯೂಟರ್ ಚಿಪ್ಪು ತಯಾರಿಸುವ ಫೋಟೋಲಿಥೋಗ್ರಫಿಯಲ್ಲೂ ಬೆಳಕಿಗೆ ಸ್ಪಂದಿಸುವ ಇಂತಹದೇ ಲೇಪಗಳಿವೆ. ಹೆಸರಿನಲ್ಲಿ ಕಲ್ಲು ಇನ್ನೂ ಕೂತಿದೆ ನೋಡಿ! ನಿಮ್ಮ ಹಲ್ಲಿನ ಡಾಕ್ಟರು ಹುಳುಕಿಗೆ ಬಿಳಿ ಮೇಣದಂಥದ್ದು ತುಂಬಿ, ನೀಲಿ ಲೈಟು ಹಿಡಿದು ಗಟ್ಟಿ ಮಾಡುತ್ತಾರಲ್ಲ, ಅದೂ ಇದೇ ಕುಲದ್ದು. ಬೆಳಕು ತಾಗಿದಾಗ ಸಣ್ಣ ಸಣ್ಣ ಅಣುಗಳು ಕೈಕೈ ಹಿಡಿದು ಬಲೆಯಾಗುತ್ತವೆ. ಅದೇ ಪಾಲಿಮರು.

ಗಡುವು ತಪ್ಪಿದ ಕೊಡಾಮಾ

1980ರಲ್ಲಿ ಜಪಾನಿನ ನಗೋಯಾ ನಗರದ ಕೈಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಹಿದೆಯೊ ಕೊಡಾಮಾ ಎಂಬವರಿದ್ದರು. ಬೆಳಕಿಗೆ ಗಟ್ಟಿಯಾಗುವ ದ್ರವವನ್ನು ಪದರ ಪದರವಾಗಿ ಗಟ್ಟಿಮಾಡುತ್ತಾ ಹೋದರೆ ಮೂರು ಆಯಾಮದ ವಸ್ತು ಏಳುತ್ತದಲ್ಲ ಅಂತ ಅವರಿಗೆ ಹೊಳೆಯಿತು. ಒಂದು ಪುಟ್ಟ ಮನೆಯ ಮಾದರಿಯನ್ನು ಮಾಡಿಯೂ ತೋರಿಸಿದರು. ಪೇಟೆಂಟಿಗೆ ಅರ್ಜಿ ಹಾಕಿದರು. 1981ರಲ್ಲಿ ಲೇಖನ ಪ್ರಕಟಿಸಿದರು. ಆದರೆ ಅರ್ಜಿಯ ಮುಂದಿನ ಹಂತಗಳು ಗಡುವಿನೊಳಗೆ ಮುಗಿಯಲಿಲ್ಲ. ಪೇಟೆಂಟು ಕೈತಪ್ಪಿತು.

1984ರ ಜುಲೈ 16ರಂದು ಫ್ರಾನ್ಸಿನಲ್ಲಿ ಅಲೆನ್ ಲ ಮೆಯೊತೆ, ಒಲಿವಿಯೆ ದ ವಿತ್, ಜಾನ್ ಕ್ಲೋಡ್ ಆಂದ್ರೆ ಎಂಬ ಮೂವರು ಇಂಥದ್ದೇ ಅರ್ಜಿ ಹಾಕಿದರು. ಇದರಲ್ಲಿ ವ್ಯಾಪಾರ ಇಲ್ಲ ಅಂತ ಅವರ ಹಿಂದಿದ್ದ ಸಂಸ್ಥೆಗಳು ಕೈಬಿಟ್ಟವು. ಮೂರೇ ವಾರ ಕಳೆದು, ಆಗಸ್ಟ್ 8ರಂದು, ಅಮೆರಿಕದ ಚಕ್ ಹಲ್ ಅರ್ಜಿ ಹಾಕಿದರು. ಅವರು ಮೇಜಿನ ಲೇಪಗಳನ್ನು ಅತಿನೇರಳೆ ದೀಪದಿಂದ ಗಟ್ಟಿಮಾಡುವ ಕಂಪೆನಿಯಲ್ಲಿದ್ದವರು. 1983ರ ಮಾರ್ಚಿನಲ್ಲೇ ಕಣ್ಣು ತೊಳೆಯುವ ಒಂದು ಪುಟ್ಟ ಬಟ್ಟಲನ್ನು ಹೀಗೆ ಅಚ್ಚು ಹಾಕಿದ್ದರು. 1986ರಲ್ಲಿ ಪೇಟೆಂಟು ಸಿಕ್ಕಿತು. ತಮ್ಮ ವಿಧಾನಕ್ಕೆ ಅವರಿಟ್ಟ ಹೆಸರು 'ಸ್ಟೀರಿಯೋಲಿಥೋಗ್ರಫಿ'. ಅಂದರೆ ಘನ ಕಲ್ಲುಬರಹ! ಮಂಗಳೂರಿನ ಆ ಕಲ್ಲು ಇಲ್ಲೂ ಬಂತು.

1995ರಲ್ಲಿ ಇಂಗ್ಲೆಂಡಿನ ರ‍್ಯಾಂಕ್ ಪ್ರಶಸ್ತಿಯನ್ನು ಕೊಡಾಮಾ ಮತ್ತು ಹಲ್ ಇಬ್ಬರಿಗೂ ಹಂಚಿ ಕೊಟ್ಟರು. ದುಡ್ಡು ಹಲ್ ಪಾಲಿಗೆ, ಗೌರವ ಇಬ್ಬರ ಪಾಲಿಗೆ ಅನ್ನಬಹುದು.

ಸಂಬಳವಿಲ್ಲದ ಮೇಡಂ

ಪದರದ ಮೇಲೆ ಪದರ ಹಾಕುವ ವಿಧಾನದಲ್ಲಿ ಒಂದು ತೊಡಕಿದೆ. ಬೆಳಕು ದ್ರವದ ಮೇಲ್ಮೈಗೆ ತಾಗಿದ ಕೂಡಲೇ ಅಲ್ಲಿಯೇ ಗಟ್ಟಿಮಾಡಿಬಿಡುತ್ತದೆ. ಒಳಗೆ ಹೋಗಿ ಒಂದು ಚುಕ್ಕಿಯನ್ನು ಮಾತ್ರ ಗಟ್ಟಿಮಾಡು ಅಂದರೆ ಕೇಳುವುದಿಲ್ಲ. ಕೇಳುವಂತೆ ಮಾಡಬೇಕಾದರೆ 1930ಕ್ಕೆ ಹೋಗಬೇಕು.

ಆ ವರ್ಷ ಜರ್ಮನಿಯ ಗಟಿಂಗೆನ್‌ನಲ್ಲಿ ಮಾರಿಯಾ ಗೆಪರ್ಟ್ ಎಂಬ ಹುಡುಗಿ ಡಾಕ್ಟರೇಟ್ ಪ್ರಬಂಧ ಒಪ್ಪಿಸಿದಳು. ಗುರು ಮ್ಯಾಕ್ಸ್ ಬಾರ್ನ್. ಒಂದು ಅಣು ಬೆಳಕಿನ ಎರಡು ಕಣಗಳನ್ನು ಒಟ್ಟಿಗೇ ನುಂಗಬಹುದು ಅಂತ ಅವಳು ಲೆಕ್ಕ ಹಾಕಿ ತೋರಿಸಿದ್ದಳು. ಒಂದು ಅತಿನೇರಳೆ ಕಣ ಮಾಡುವ ಕೆಲಸವನ್ನು ಅರ್ಧರ್ಧ ಶಕ್ತಿಯ ಎರಡು ಕಣ ಸೇರಿ ಮಾಡಬಹುದು. ಆದರೆ ಎರಡೂ ಒಂದೇ ಗಳಿಗೆಯಲ್ಲಿ ಬಂದು ತಾಗಬೇಕು. ಸಾಧಾರಣ ದೀಪದಲ್ಲಿ ಅದು ಆಗದ ಮಾತು. ಹಾಗಾಗಿ ಲೆಕ್ಕ ಕಾಗದದಲ್ಲೇ ಉಳಿಯಿತು.

ಗೆಪರ್ಟ್ ಮದುವೆಯಾಗಿ ಗೆಪರ್ಟ್-ಮೇಯರ್ ಆಗಿ ಅಮೆರಿಕಕ್ಕೆ ಹೋದರು. ಗಂಡ ಪ್ರೊಫೆಸರ್. ಹೆಂಡತಿಗೂ ಅದೇ ಕಡೆ ಕೆಲಸ ಕೊಡಲಾಗದು ಅಂತ ವಿಶ್ವವಿದ್ಯಾಲಯಗಳ ನಿಯಮ. ವರ್ಷಗಟ್ಟಲೆ ಸಂಬಳವಿಲ್ಲದೆ, ಇಲ್ಲವೇ ಅರೆ ಸಂಬಳಕ್ಕೆ, ಅವರು ಸಂಶೋಧನೆ ಮಾಡಿದರು. ಪೂರ್ತಿ ಸಂಬಳದ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1960ರಲ್ಲಿ. 1963ರಲ್ಲಿ ನೊಬೆಲ್ ಬಂತು, ಅದೂ ಬೇರೆಯೇ ಕೆಲಸಕ್ಕೆ, ಪರಮಾಣುವಿನ ಬೀಜದ ರಚನೆಗೆ. ಮೇರಿ ಕ್ಯೂರಿಯ ನಂತರ ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಎರಡನೆಯ ಹೆಂಗಸು ಅವರು.

ಇತ್ತ 1960ರ ಮೇ ತಿಂಗಳಿನಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಉರಿಸಿದರು. ಮರುವರ್ಷವೇ, 1961ರಲ್ಲಿ, ಬೆಲ್ ಲ್ಯಾಬಿನ ಕೈಸರ್ ಮತ್ತು ಗ್ಯಾರೆಟ್ ಲೇಸರ್ ಹಿಡಿದು ಎರಡು ಕಣ ನುಂಗುವುದನ್ನು ಕಣ್ಣಾರೆ ಕಂಡರು. ಮೂವತ್ತು ವರ್ಷದ ಹಳೆಯ ಪ್ರಬಂಧ ನಿಜವಾಯಿತು. ಇವತ್ತು ಈ ನುಂಗುವಿಕೆಯನ್ನು ಅಳೆಯುವ ಮಾನಕ್ಕೆ 'ಗೆಪರ್ಟ್-ಮೇಯರ್' ಅಂತಲೇ ಹೆಸರು.

ಇದರ ಉಪಯೋಗ ಏನು ಅಂತೀರಾ? ಲೇಸರ್ ಕಿರಣವನ್ನು ಮಸೂರದಿಂದ ಒಂದು ಬಿಂದುವಿಗೆ ಕೂಡಿಸಿದರೆ, ಆ ಬಿಂದುವಿನಲ್ಲಿ ಮಾತ್ರ ಎರಡು ಕಣ ಒಟ್ಟಿಗೆ ಸಿಕ್ಕುವಷ್ಟು ದಟ್ಟಣೆ ಇರುತ್ತದೆ. ಸೋಣದಲ್ಲಿ ದೇವಸ್ಥಾನದ ಬಾಗಿಲಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಹೊರಗಿನ ರಸ್ತೆಯಲ್ಲಿ ಜನ ಆರಾಮ ನಡೆಯುತ್ತಾರೆ, ಹಾಗೆ. ದ್ರವದ ಉಳಿದ ಭಾಗದ ಮೂಲಕ ಕಿರಣ ಏನೂ ಮಾಡದೆ ಹಾದುಹೋಗುತ್ತದೆ. ಬಿಂದುವಿನಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಆ ಬಿಂದುವನ್ನು ಲೇಖನಿಯ ಹಾಗೆ ಆಚೀಚೆ, ಮೇಲೆ ಕೆಳಗೆ ಓಡಿಸಿದರೆ ಗಾಳಿಯಲ್ಲಿ ಬರೆದ ಹಾಗೆ ದ್ರವದೊಳಗೆ ಬರೆಯಬಹುದು. ಕೊನೆಗೆ ಉಳಿದ ದ್ರವ ತೊಳೆದುಬಿಡುವುದು. ನೀಪ್ಸ್ ಮಾಡಿದ್ದೂ ಇದನ್ನೇ ಅಲ್ವಾ?

1997ರಲ್ಲಿ ಜಪಾನಿನ ಮಾರುಒ, ನಕಾಮುರಾ, ಕವಾಟಾ ಹೀಗೆ ಮೂರು ಆಯಾಮದ ಸೂಕ್ಷ್ಮರಚನೆ ಮಾಡಿದರು. 2001ರಲ್ಲಿ ಕವಾಟಾ ಅವರ ತಂಡ ಒಂದು ಗೂಳಿಯನ್ನು ಕೆತ್ತಿತು. ಉದ್ದ 10 ಮೈಕ್ರೋಮೀಟರ್, ಎತ್ತರ 7. ಒಂದು ಮಿಲಿಮೀಟರಿನಲ್ಲಿ ಅಂತಹ ನೂರು ಗೂಳಿಗಳು ಸಾಲಾಗಿ ನಿಲ್ಲಬಹುದು. ನಮ್ಮ ರಕ್ತದ ಕೆಂಪು ಕಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ! ಆದರೆ ಆ ಗೂಳಿ ನಿಂತಲ್ಲೇ ನಿಂತಿತ್ತು, ಬಾಲ ಕೂಡ ಅಲ್ಲಾಡಿಸಲಿಲ್ಲ.

ಗೂಳಿಗೆ ಜೀವ ಬಂದದ್ದು

ಅಲ್ಲಾಡುವ ಪಾಲಿಮರಿಗೆ ಎರಡು ದಾರಿಗಳಿದ್ದವು. ಒಂದು ದಾರಿ ಕರ್ನಾಟಕದ ಬಾಗಿಲಿನ ಎದುರಿನಿಂದಲೇ ಹಾದುಹೋಗುತ್ತದೆ.

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ರೈನಿಟ್ಜರ್ ಒಂದು ವಿಚಿತ್ರ ಪದಾರ್ಥ ಕಂಡರು. ಅದು ಎರಡು ಸಲ ಕರಗುತ್ತಿತ್ತು! ಮೊದಲು ಮಂಜು ಮಂಜಾದ ದ್ರವ, ಇನ್ನೂ ಬಿಸಿ ಮಾಡಿದರೆ ತಿಳಿದ್ರವ. ಅದನ್ನು ಅವರು ಓಟೋ ಲೆಹ್ಮನ್ ಅವರಿಗೆ ಕಳಿಸಿದರು. ಲೆಹ್ಮನ್ ಮುಂದೆ ಕಾರ್ಲ್ಸ್‌ರೂಹೆಯಲ್ಲಿ ಪ್ರೊಫೆಸರಾಗಿ ಇದರ ಬೆನ್ನು ಹತ್ತಿ, ದ್ರವದ ಹಾಗೆ ಹರಿಯುವ ಆದರೆ ಹರಳಿನ ಹಾಗೆ ಶಿಸ್ತಿರುವ ಇಂತಹ ವಸ್ತುಗಳಿಗೆ ದ್ರವಹರಳು ಅಂತ ಹೆಸರಿಟ್ಟರು. ನೀವು ಇದನ್ನು ಎಲ್‌ಸಿಡಿ ಪರದೆಯಲ್ಲಿ ಓದುತ್ತಿದ್ದರೆ, ನಿಮ್ಮ ಕಣ್ಣ ಮುಂದೆ ಇರುವುದು ಅದೇ.

ನಮ್ಮಲ್ಲಿ ಇದನ್ನು ಬೆಳೆಸಿದವರು ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಅಲ್ಲ, ಇವರು ಬೇರೆ). ಸಿ. ವಿ. ರಾಮನ್ ಅವರ ಸೋದರಳಿಯ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗ ಕಟ್ಟಲು ಬಂದವರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವಹರಳಿನ ಪ್ರಯೋಗಾಲಯ ಶುರು ಮಾಡಿದರು. ಅಲ್ಲಿಯವರೆಗೆ ಕಡ್ಡಿಯಂತೆ ಉದ್ದನೆಯ ಅಣುಗಳಿಂದ ಮಾತ್ರ ದ್ರವಹರಳು ಆಗುತ್ತದೆ ಅನ್ನುವ ನಂಬಿಕೆಯಿತ್ತು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಸೇರಿ ಬಿಲ್ಲೆಯಂತಹ ಅಣುಗಳಿಂದಲೂ ಆಗುತ್ತದೆ ಅಂತ ತೋರಿಸಿದರು. ಹಪ್ಪಳದ ಅಟ್ಟಿಯ ಹಾಗೆ ಅಣುಗಳು ಒಂದರ ಮೇಲೊಂದು ಕೂರುತ್ತವೆ. ಪ್ರಕಟವಾದದ್ದು ಪರದೇಶದ ಪತ್ರಿಕೆಯಲ್ಲಿ ಅಲ್ಲ, ಬೆಂಗಳೂರಿನಿಂದಲೇ ಬರುವ 'ಪ್ರಮಾಣ'ದಲ್ಲಿ. ಮುಂದೆ ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಸರಿಯಾಗಿ ಕಾಣುವಂತೆ ಮಾಡುವ ಫಿಲ್ಮುಗಳಿಗೆ ಇಂತಹ ಬಿಲ್ಲೆ ಅಣುಗಳು ಬಳಕೆಗೆ ಬಂದವು. 1991ರಲ್ಲಿ ಚಂದ್ರಶೇಖರ್ ಬೆಂಗಳೂರಿನಲ್ಲಿ ದ್ರವಹರಳಿಗೇ ಮೀಸಲಾದ ಒಂದು ಕೇಂದ್ರವನ್ನೂ ಕಟ್ಟಿದರು. ಅದು ಬೆಳೆದು ಇಂದು ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಗಿದೆ. ಅವರು ತೀರಿಕೊಂಡದ್ದು 2004ರಲ್ಲಿ.

ಸುಳ್ಳು ಹೇಳಬಾರದು. ನಡೆದಾಡುವ ಸೂಕ್ಷ್ಮರಚನೆಗಳಲ್ಲಿ ಇರುವುದು ಬಿಲ್ಲೆ ಅಣುಗಳಲ್ಲ, ಹಳೆಯ ಕಡ್ಡಿ ಅಣುಗಳೇ. ಕಡ್ಡಿ ಅಣುಗಳನ್ನು ರಬ್ಬರಿನ ಬಲೆಗೆ ಕಟ್ಟಿದರೆ ಅದು ಸ್ನಾಯುವಿನ ಹಾಗೆ ಕುಗ್ಗಬಹುದು ಅಂತ ಫ್ರಾನ್ಸಿನ ಡಿ ಜೆನ್ 1975ರಲ್ಲಿ ಊಹಿಸಿದರು. 1981ರಲ್ಲಿ ಜರ್ಮನಿಯ ಫಿಂಕೆಲ್ಮನ್ ತಂಡ ಅಂತಹ ರಬ್ಬರು ಮಾಡಿತು. ತಣ್ಣಗಿರುವಾಗ ಅಣುಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿರುತ್ತವೆ. ಬಿಸಿಯಾದರೆ ಶಿಸ್ತು ತಪ್ಪಿ ಚೆಲ್ಲಾಪಿಲ್ಲಿ. ಆಗ ರಬ್ಬರು ಆ ದಿಕ್ಕಿನಲ್ಲಿ ಕುಗ್ಗುತ್ತದೆ. 2014-15ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ವಿರ್ಸ್ಮಾ ಅವರ ತಂಡ ಇದೇ ರಬ್ಬರನ್ನು ಲೇಸರಿನಿಂದ ಬರೆದು, ನಾಲ್ಕು ಮೊನಚು ಕಾಲು ಕೊಟ್ಟು, ಬೆಳಕು ಬಿಟ್ಟಿತು. ಅದು ನಡೆಯಿತು! ಬೆಳಕೇ ಅದರ ಊಟ.

ಎರಡನೆಯ ದಾರಿ ನೀರಿನದ್ದು. 1978ರಲ್ಲಿ ಅಮೆರಿಕದ ಎಂಐಟಿಯಲ್ಲಿ ತೊಯೊಇಚಿ ತನಾಕಾ ಅವರು ಕೆಲವು ಜೆಲ್‌ಗಳು ಸಣ್ಣ ಬದಲಾವಣೆಗೂ ಗಾತ್ರವನ್ನೇ ಬದಲಿಸಿಬಿಡುತ್ತವೆ ಅಂತ ತೋರಿಸಿದರು. ಇಂತಹ ಒಂದು ಜೆಲ್ ಸುಮಾರು 32 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ನೀರು ಕುಡಿದು ಉಬ್ಬುತ್ತದೆ, ಮೇಲೆ ಹೋದರೆ ನೀರು ಕಾರಿ ಕುಗ್ಗುತ್ತದೆ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಕುಗ್ಗಿಯೇ ಇರುತ್ತದೆ ಬಿಡಿ!

2019ರಲ್ಲಿ ಕಾರ್ಲ್ಸ್‌ರೂಹೆ ಮತ್ತು ಹೈಡೆಲ್‌ಬರ್ಗಿನ ವಿಜ್ಞಾನಿಗಳು (ಹಿಪ್ಲರ್, ಬ್ಲಾಸ್ಕೊ, ವೆಗೆನರ್, ಬಾಸ್ಟ್‌ಮೇಯರ್ ಮತ್ತು ಜೊತೆಗಾರರು) ಈ ಜೆಲ್ಲನ್ನು ಲೇಸರಿನಿಂದ ಬರೆದರು. ಅವರ ಉಪಾಯ ಸರಳ. ದ್ರವ ಒಂದೇ, ಲೇಸರಿನ ಪ್ರಮಾಣ ಮಾತ್ರ ಬೇರೆ ಬೇರೆ. ಜಾಸ್ತಿ ಬೆಳಕು ಕಂಡ ಕಡೆ ಬಲೆ ಬಿಗಿ, ಕುಗ್ಗುವುದು ಕಡಿಮೆ. ಕಡಿಮೆ ಬೆಳಕು ಕಂಡ ಕಡೆ ಬಲೆ ಸಡಿಲ, ಕುಗ್ಗುವುದು ಜಾಸ್ತಿ. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಬರೆದರೆ ಬಿಸಿಯಾದಾಗ ಬಾಗುತ್ತದೆ, ತಣಿದಾಗ ಬಿಚ್ಚಿಕೊಳ್ಳುತ್ತದೆ. ಬೇಕಾದ ಒಂದು ಜಾಗವನ್ನು ಮಾತ್ರ ಲೇಸರಿನಿಂದ ಬಿಸಿಮಾಡಿ ಬಾಗಿಸಲೂಬಹುದು. ಓದಿ ನಗು ಬಂತು ನನಗೆ. ಇದು ನಮ್ಮ ಅಪ್ಪನ ಸೊಟ್ಟ ಹೆಂಚಲ್ಲದೆ ಇನ್ನೇನು! ಲೆಹ್ಮನ್ ಇದ್ದ ಕಾರ್ಲ್ಸ್‌ರೂಹೆಯಲ್ಲೇ ಇದೂ ಆಯಿತು ಅನ್ನುವುದು ಇನ್ನೊಂದು ಸೋಜಿಗ.

ಇದರಿಂದ ಹೊಟ್ಟೆ ತುಂಬುತ್ತದೆಯೇ?

ಭಾವನ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಇದು ಇನ್ನೂ ಪ್ರಯೋಗಾಲಯದ ಮಾತು. ಚುಕ್ಕಿ ಚುಕ್ಕಿಯಾಗಿ ಬರೆಯುವ ಕೆಲಸ ನಿಧಾನ. ಯಂತ್ರ ದುಬಾರಿ. ದೇಹದೊಳಗೆ ಹೋಗಿ ಔಷಧಿ ಬಿಟ್ಟುಬರುವ ಪುಟ್ಟ ಕೈಗಳು ಅಂತೆಲ್ಲ ಪೇಪರಿನಲ್ಲಿ ಬರುವುದು ಸದ್ಯಕ್ಕೆ ಆಸೆ. ಆಗಿರುವುದು ಇಷ್ಟು: ಜೀವಕೋಶ ಒಂದನ್ನೇ ಹಿಡಿದು ಮೆಲ್ಲಗೆ ಎಳೆದು, ಅದು ಹೇಗೆ ಎದುರು ಎಳೆಯುತ್ತದೆ ಅಂತ ನೋಡುವ ಚೌಕಟ್ಟುಗಳನ್ನು ಇದೇ ಜರ್ಮನ್ ತಂಡದವರು 2020ರಲ್ಲಿ ಮಾಡಿದ್ದಾರೆ. ದೊಡ್ಡ ಸಂಗತಿಯೇ. ಆದರೆ ಅದರಿಂದ ನಾಳೆಯೇ ಕಾರ್ಖಾನೆ ಏಳುವುದಿಲ್ಲ.

ಈ ಚರಿತ್ರೆ ಓದಿದರೆ ಇನ್ನೊಂದು ಮಾತನ್ನೂ ಮುಚ್ಚಿಡುವ ಹಾಗಿಲ್ಲ. ಕಂಡುಹಿಡಿದವರಿಗೇ ಫಲ ಸಿಕ್ಕಿತು ಅಂತ ಎಲ್ಲೂ ಇಲ್ಲ. ಕೊಡಾಮಾ ಅವರಿಗೆ ಪೇಟೆಂಟು ತಪ್ಪಿತು, ಫ್ರೆಂಚರನ್ನು ಅವರ ಸಂಸ್ಥೆಗಳೇ ನಂಬಲಿಲ್ಲ, ಗೆಪರ್ಟ್-ಮೇಯರ್ ಅವರಿಗೆ ಸಂಬಳ ಸಿಕ್ಕಲಿಲ್ಲ. ಕಲ್ಲಚ್ಚು ಹೋಯಿತು, ಮೊಳೆ ಬಂತು. ಮೊಳೆ ಹೋಯಿತು, ಈಗ ನಾನು ಮೊಳೆಯೂ ಶಾಯಿಯೂ ಇಲ್ಲದೆ ಯೂನಿಕೋಡಿನಲ್ಲಿ ಕುಟ್ಟುತ್ತಿದ್ದೇನೆ. ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಹೊಳೆಬದಿಯಲ್ಲಿ ಹೊಗೆ ಇಲ್ಲದೆ ನಿಂತಿವೆ.

ಆದರೆ ಒಂದು ಗಮನಿಸಿದೆ. ಯಂತ್ರಗಳು ಹೋದವು, ತಿಳಿವಳಿಕೆ ಹೋಗಲಿಲ್ಲ. ಸೆನೆಫೆಲ್ಡರನ ಕಲ್ಲು ನೀಪ್ಸ್‌ಗೆ ದಾರಿ ತೋರಿಸಿತು. ಕಾಗದದಲ್ಲೇ ಮೂವತ್ತು ವರ್ಷ ಮಲಗಿದ್ದ ಪ್ರಬಂಧ ಎದ್ದು ಬಂತು. ಪ್ಲೆಬ್ಸ್ಟ್ ಅಕ್ಷರ ಬಿಟ್ಟು ಮಣ್ಣಿಗೆ ಹೋದಾಗ ಅವನ ಅಚ್ಚಿನ ತಿಳಿವಳಿಕೆಯೂ ಅವನ ಜೊತೆಗೇ ಹೋಯಿತು. ಅಪ್ಪನಿಗೆ ಆದ ನಷ್ಟ ಕೆಲಸದ್ದು. ಮಣ್ಣು ಹೇಗೆ ಕುಗ್ಗುತ್ತದೆ ಅನ್ನುವ ಅವರ ಲೆಕ್ಕವನ್ನು ಯಾರೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಅದು ಅವರ ಜೊತೆಗೇ ಹೋಯಿತು. ನನಗೆ ಬೇಸರ ಇರುವುದು ಅದಕ್ಕೆ. ಮಗನಾದ ನಾನೂ ಕೇಳಲಿಲ್ಲ.

ಕಡೆಗೆ

ಇಷ್ಟನ್ನೂ ಮೊನ್ನೆ ಪ್ರಿಂಟು ತೆಗೆದು ಅಕ್ಕನ ಮನೆಗೆ ಹೋಗಿ ಭಾವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಪೂರ್ತಿ ಓದಿದರು. ನಡುವೆ ಒಮ್ಮೆ ಅಂಗಳಕ್ಕೆ ಇಳಿದು, ಒಣಗಿ ಸುರುಳಿಯಾಗಿದ್ದ ಅಡಿಕೆ ಹಾಳೆಯೊಂದನ್ನು ಕಾಲಿನಿಂದ ಮಗುಚಿ ನೋಡಿದರು. ಏನೂ ಹೇಳಲಿಲ್ಲ. ಅಕ್ಕ ಕಾಫಿ ತಂದಿಟ್ಟಳು. ಹುಡುಗಿ ಬಾಗಿಲ ಮರೆಯಲ್ಲೇ ನಿಂತಿದ್ದಳು.

ಕಾಗದ ಮಡಚಿ ನನ್ನ ಕೈಗೆ ಕೊಟ್ಟು ಭಾವ ಹೇಳಿದರು, "ಆ ಜಪಾನಿನವನಿಗೆ ಗಡುವು ನೆನಪು ಮಾಡುವವರು ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಕಾಣುತ್ತದೆ."

ಆಮೇಲೆ ಒಳಗೆ ತಿರುಗಿ ಕೇಳಿದರು, "ಮಗಾ, ಆ ಜರ್ಮನಿಯ ಅರ್ಜಿಗೆ ಕಡೇ ದಿನ ಯಾವಾಗ?"